ಆಟದಲ್ಲಿ ರಾಕ್ಷಸನ ಪಾಲು

ಮಕ್ಕಳು ನಾಲ್ವರು ಸೇರಿ ರಾಮಾಯಣದ ಆಟವನ್ನು ಆಡಬೇಕೆಂದು ನಿಂತರೆ ಮೊದಲು ಹುಟ್ಟುವ ವಿವಾದ ಯಾವುದೆಂಬುದು ಮಕ್ಕಳುಳ್ಳ ಗೃಹಸ್ಥರಿಗೆಲ್ಲ ತಿಳಿದದ್ದೇ. ರಾಮನಾಗುವವರು ಯಾರೆಂಬುದು ಬೇಗ ಇತ್ಯರ್ಥವಾದೀತು. ರಾವಣನಾಗುವವರು ಯಾರೆಂಬುದು ಮಾತ್ರ ಬೇಗ ತೀರುವುದಿಲ್ಲ. ಹತ್ತು ತಲೆ, ಇಪ್ಪತ್ತು ತೋಳು, ಮನಸ್ಸು ಬಂದ ಕಡೆಗೆ ಹಾರುವ ವಿಮಾನ, ಇವೆಲ್ಲವೂ ಒಂದೇ ಪಾತ್ರಕ್ಕೆ ದೊರೆಯುವಾಗ ಯಾರಿಗೆ ತಾನೆ ಆಸೆಯಾಗದು? ಆದರೆ ಒಬ್ಬನು ರಾವಣನಾದ ಮೇಲೆ ಉಳಿದವರ ಗತಿಯೇನು? ಅವನು ಗರ್ಜಿಸುವನು, ಹಾರುವನು, ಎತ್ತಿ ಒಗೆಯುವನು. ಮಿಕ್ಕವರು ಸುತ್ತಲೂ ನಿಂತು ನೋಡುವರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗಿಂತ ಚಿಕ್ಕ ಮಗುವು ಆಟವನ್ನು ಬಿಟ್ಟು ತಾಯಿಯ ಸೆರಗನ್ನು ಹಿಡಿಯುವುದು. ಆಟವು ಅಲ್ಲಿಗೆ ಕೆಟ್ಟಿತೆಂದೇ ತಿಳಿಯಬೇಕು.

ಬಲಿಷ್ಠನನ್ನು ಆಟದೊಳಕ್ಕೆ ಬರಮಾಡಿಕೊಂಡೂ ಉಳಿದವರ ಪಾಲನ್ನು ಕಾಪಾಡುವುದು ಹೇಗೆ? ಇದು ಮಕ್ಕಳ ಪ್ರಶ್ನೆಯಂತೆ ತೋರಿದರೂ ಬರಿಯ ಮಕ್ಕಳ ಪ್ರಶ್ನೆಯಲ್ಲ. ಮನೆಯಲ್ಲಿ, ಸಭೆಯಲ್ಲಿ, ಊರಿನ ಪಂಚಾಯತಿಯಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ವೇಷಗಳಿಂದ ಎದುರಾಗುತ್ತದೆ. ಆಟದಲ್ಲಿ ಅದು ವೇಷವಿಲ್ಲದೆ ನಿಲ್ಲುವುದರಿಂದ ಅಲ್ಲಿಯೇ ಅದನ್ನು ವಿಚಾರಮಾಡುವುದು ಸುಲಭ.

ಈ ವಿಚಾರದಲ್ಲಿ ಈಚಿನ ಕಾಲದಲ್ಲಿ ವಿಶೇಷವಾಗಿ ತಲೆಕೆಡಿಸಿಕೊಂಡವರು ಮೇಜಿನ ಸುತ್ತ ಕುಳಿತು ಪಾತ್ರವಹಿಸಿ ಆಡುವ ಒಂದು ಬಗೆಯ ಆಟಗಾರರು. ೧೯೭೪ನೆಯ ಇಸವಿಯಲ್ಲಿ ಅಮೆರಿಕ ದೇಶದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಮೂರು ಸಣ್ಣ ಪುಸ್ತಕಗಳ ರೂಪದಲ್ಲಿ ಪ್ರಕಟಿಸಿದರು. ಈಗ ಅದು ಲೋಕದಲ್ಲೆಲ್ಲ ಹರಡಿದೆ. ನಮ್ಮ ಪಟ್ಟಣಗಳ ಹುಡುಗರಲ್ಲಿಯೂ ಅದನ್ನು ಬಲ್ಲವರುಂಟು. ಈ ಆಟಕ್ಕೆ ಮಣೆ ಬೇಕೇಬೇಕೆಂಬ ನಿಯಮವಿಲ್ಲ. ಒಬ್ಬನು ಸೂತ್ರಧಾರನಾಗಿ ಕಾಡು, ಕೋಟೆ, ಗವಿಗಳನ್ನು ಮಾತಿನಿಂದಲೇ ಚಿತ್ರಿಸುತ್ತಾನೆ. ಉಳಿದವರು ತಲೆಗೊಬ್ಬ ವೀರನನ್ನು ವಹಿಸಿಕೊಂಡು, ತಾವು ಮಾಡುವುದೇನೆಂಬುದನ್ನು ಬಾಯಿಂದ ಹೇಳುತ್ತಾರೆ. ಸಂದೇಹವಿದ್ದಲ್ಲಿ ಇಪ್ಪತ್ತು ಮುಖದ ದಾಳವು ಫಲವನ್ನು ನಿರ್ಣಯಿಸುತ್ತದೆ. ಆಟವು ಸಾಗಿದಂತೆ ವೀರರು ಒಂದನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಏರುತ್ತಾ ಹೋಗುತ್ತಾರೆ. ಇವರೆಲ್ಲರೂ ಒಂದೇ ತಂಡ. ಗೆಲುವೂ ಸೋಲೂ ಕೂಡಿಯೇ.

ಇಂತಹ ತಂಡದಲ್ಲಿ ಒಬ್ಬನು, "ನಾನು ಮನುಷ್ಯನಾಗಲಾರೆ, ಬೆಂಕಿಯುಗುಳುವ ಘಟಸರ್ಪವಾಗುತ್ತೇನೆ" ಎಂದರೆ ಏನು ಮಾಡಬೇಕು? ಇದೇ ಅವರ ಸಮಸ್ಯೆ. ನಮ್ಮ ರಾಕ್ಷಸನೂ ಆ ಆಟಕ್ಕೆ ಹೋಗಿ ಸೇರಿದ್ದಾನೆ. ೧೯೭೭ರಲ್ಲಿ ಅಚ್ಚಾದ ಅವರ ಭೂತಪಿಶಾಚಗಳ ಕೋಶದಲ್ಲಿ 'ರಾಕ್ಷಸ' ಎಂಬ ಹೆಸರಿನಿಂದಲೇ ಅವನು ಬರುತ್ತಾನೆ. ಚಿತ್ರದಲ್ಲಿ ಮಾತ್ರ ಅವನಿಗೆ ಹುಲಿಯ ತಲೆಯನ್ನಿಟ್ಟಿದ್ದಾರೆ!

ಹುಲಿಯ ಮಾತು ಬಂದದ್ದರಿಂದ, ಪರದೇಶದ ಮೇಜಿನ ಬಳಿಗೆ ಹೋಗುವುದಕ್ಕೆ ಮುಂಚೆ ನಮ್ಮ ಜಗಲಿಯ ಮೇಲಿನ ಹುಲಿಯನ್ನು ಒಮ್ಮೆ ನೋಡುವುದು ಯುಕ್ತ. ನಮ್ಮ ಮಂಡಿಕಲ್ಲಿನ ಕಡೆಯದು ಬಂಡೆಯ ಸೀಮೆ. ಮಳೆಗೆ ಬರ ಬಂದರೂ ಚಪ್ಪಡಿಕಲ್ಲಿಗೆ ಬರವಿಲ್ಲ. ಕನ್ನಡ, ತೆಲುಗು ಎರಡೂ ಕೂಡಿ ಬಾಳುವ ಸೀಮೆಯಾದುದರಿಂದ ಒಂದೇ ಆಟವನ್ನು ಒಬ್ಬರು 'ಆಡು-ಹುಲಿ' ಎಂದರೆ ಮತ್ತೊಬ್ಬರು 'ಪುಲಿ-ಮೇಕ' ಎನ್ನುವರು. ತಮಿಳು ದೇಶದಲ್ಲಿ ಅದಕ್ಕೆ 'ಆಡು ಪುಲಿ ಆಟ್ಟಂ' ಎಂದು ಹೆಸರು. ಕಲ್ಲಿನ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಗೆರೆ ಎಳೆದು, ಹುಲಿಗೆ ಮೂರು ದೊಡ್ಡ ಕಲ್ಲು, ಆಡಿಗೆ ಹದಿನೈದು ಹುಣಿಸೆಬೀಜ ಇಟ್ಟರೆ ಆಟ ಸಿದ್ಧ. ಒಂದು ಕಾಸಿನ ಖರ್ಚಿಲ್ಲ.

ಈ ಆಟದ ರಚನೆಯನ್ನು ಬಲ್ಲವರೂ ಅದರ ಲೆಕ್ಕವನ್ನು ಗಮನಿಸಿರಲಾರರು. ಗೋಪುರದಂತೆ ಒಂದು ತುದಿ. ಆ ತುದಿಯಿಂದ ನಾಲ್ಕು ಗೆರೆಗಳು ಕೆಳಕ್ಕೆ ಇಳಿಯುತ್ತವೆ. ಅವುಗಳನ್ನು ಅಡ್ಡಲಾಗಿ ಮೂರು ಗೆರೆಗಳು ಕತ್ತರಿಸಿ ಎರಡು ಪಕ್ಕಕ್ಕೂ ಚಾಚುತ್ತವೆ. ತುದಿಯಲ್ಲಿ ೧ ಮನೆ, ಅಡ್ಡಗೆರೆಗಳಲ್ಲಿ ಆರಾರರಂತೆ ೧೮, ತಳದಲ್ಲಿ ೪, ಒಟ್ಟು ೨೩ ಮನೆಗಳು. ಮೂರು ಹುಲಿಗಳು ಮೊದಲೇ ಕುಳಿತಿರುತ್ತವೆ. ಆಡುಗಳು ಸರದಿಗೊಂದರಂತೆ ಬರುತ್ತವೆ. ಹದಿನೈದೂ ಇಳಿಯುವ ತನಕ ಯಾವ ಆಡೂ ಕದಲುವಂತಿಲ್ಲ. ಹುಲಿಯಾದರೋ ಮೊದಲಿನಿಂದಲೂ ನಡೆಯಬಹುದು; ಪಕ್ಕದ ಆಡಿನ ಆಚೆಯ ಮನೆ ಬರಿದಾಗಿದ್ದರೆ ಹಾರಿ ಅದನ್ನು ಕೊಲ್ಲಬಹುದು. ಆಡು ಯಾರನ್ನೂ ಕೊಲ್ಲಲಾರದು. ಮೇಲುನೋಟಕ್ಕೆ ಇದು ಶುದ್ಧವಾದ ಅನ್ಯಾಯವೇ ಸರಿ.

ಆದರೆ ಲೆಕ್ಕ ಹಾಕಿರಿ. ಒಂದು ಆಡೂ ಸಾಯದೆ ಹದಿನೈದೂ ಇಳಿದವೆಂದರೆ ಮಣೆಯ ಮೇಲೆ ಬರಿದಾಗಿ ಉಳಿಯುವ ಮನೆಗಳು ಐದೇ ಐದು. ಹುಲಿಯ ಹಾರಾಟಕ್ಕೆ ಬೇಕಾದದ್ದು ಬರಿದಾದ ಮನೆ; ಅದೇ ಕಡಿಮೆಯಾಯಿತು. ಹುಲಿಯು ಒಂದು ಆಡಿನ ಮೇಲೆ ಹಾರೀತೇ ಹೊರತು ಸಾಲಾಗಿ ನಿಂತ ಎರಡರ ಮೇಲೆ ಹಾರಲಾರದು. ಒಂದರ ಬೆನ್ನಿಗೆ ಮತ್ತೊಂದು ನಿಂತರೆ ಸಾಕು, ಮೂರು ಹುಲಿಗಳೂ ಮೂಲೆಗೆ ಸೇರಿ ಕಾಲುಕದಲದೆ ಸೋಲುತ್ತವೆ. ಆದರೆ ಐದು ಆಡು ಸತ್ತರೋ, ಹತ್ತು ಆಡಿಗೆ ಹತ್ತು ಬರಿಮನೆ; ಆಗ ಹುಲಿಯನ್ನು ಕಟ್ಟುವುದು ಕನಸಿನ ಮಾತು. ಹೀಗೆ ಒಂದೊಂದು ಆಡಿನ ಪ್ರಾಣಕ್ಕೂ ಆಟದಲ್ಲಿ ಬೆಲೆಯುಂಟು. ಹುಲಿಯ ಹಲ್ಲನ್ನು ಕಿತ್ತು ಈ ಸಮತೂಕವನ್ನು ಸಾಧಿಸಿದ್ದಲ್ಲ. ಹುಲಿ ಹುಲಿಯಾಗಿಯೇ ಇದೆ. ಅದರ ನೆಗೆತಕ್ಕೆ ಒಂದು ಮೇರೆ, ಆಡುಗಳಿಗೆ ಸಂಖ್ಯೆ, ಇಬ್ಬರಿಗೂ ಒಂದೊಂದು ಸರದಿ, ಇಷ್ಟರಿಂದಲೇ ಅದು ಸಾಧಿಸಿತು.

ಇಂತಹ ಲೆಕ್ಕವು ಒಂದು ದಿನದಲ್ಲಿ ಹುಟ್ಟಿದ್ದಾಗಿರಲಾರದು. ಯೂರೋಪ್ ಖಂಡದವರಿಗೆ ನರಿ-ಹೆಬ್ಬಾತುಗಳ ಆಟವೊಂದುಂಟು. ಮೂವತ್ತಮೂರು ಮನೆಯ ಮಣೆಯ ಮೇಲೆ ನರಿಯೊಂದು. ಹಳೆಯ ಪದ್ಧತಿಯಲ್ಲಿ ಹೆಬ್ಬಾತುಗಳು ಹದಿಮೂರು. ಮುಂದೆ ಹದಿನೈದು, ಹದಿನೇಳು ಹೆಬ್ಬಾತುಗಳನ್ನಿಟ್ಟು ಆಡುವ ಪದ್ಧತಿಗಳು ಬಂದವು. ಅವರೂ ನರಿಯನ್ನು ನಾಯಿಮರಿಯನ್ನಾಗಿ ಮಾಡಲಿಲ್ಲ. ಎದುರಿನ ಸಾಲನ್ನು ಬೆಳೆಸಿದರು. ನೇಪಾಳದ 'ಬಾಘ್ ಚಾಲ್' ಆಟದಲ್ಲಿ ೨೫ ಮನೆ, ೪ ಹುಲಿ, ೨೦ ಆಡು. ಲಿಮ್ ಯೂ ಜಿನ್, ಯುರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಈ ಶತಮಾನದಲ್ಲಿ ಕಂಪ್ಯೂಟರಿನ ಸಹಾಯದಿಂದ ಆ ಆಟವನ್ನು ಶೋಧಿಸಿ, ಎರಡು ಪಕ್ಷದವರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿಕೊಟ್ಟಿದ್ದಾರೆ. ಯಂತ್ರವಿಲ್ಲದ ಕಾಲದ ಜನರು ಜಗಲಿಯ ಮೇಲೆ ಕುಳಿತು ಕಂಡುಕೊಂಡ ತೂಕವು ಎಷ್ಟು ನಯವಾದದ್ದೆಂಬುದನ್ನು ವಾಚಕರು ಇದರಿಂದ ಊಹಿಸಬಹುದು.

ಇನ್ನು ಪುರಾಣದ ಕಡೆಗೆ ತಿರುಗೋಣ. ರಾಕ್ಷಸರಿಗೆ ಬಲವನ್ನು ಕೊಟ್ಟವರು ಯಾರು? ದೇವತೆಗಳೇ. ತಪಸ್ಸಿಗೆ ಮೆಚ್ಚಿ ವರವನ್ನು ಕೊಡದೆ ಇರುವಂತಿಲ್ಲ. ಅದು ಆಟದ ನಿಯಮ. ಆದರೆ ಯಾವ ವರವೂ ಬಿರುಕಿಲ್ಲದ ಗೋಡೆಯಲ್ಲ. ಹಿರಣ್ಯಕಶಿಪುವು ಒಳಗೂ ಹೊರಗೂ ಸಾಯಬಾರದೆಂದು ಬೇಡಿದನು, ಹೊಸ್ತಿಲು ಉಳಿಯಿತು. ಹಗಲೂ ಇರುಳೂ ಬೇಡವೆಂದನು, ಸಂಜೆ ಉಳಿಯಿತು. ರಾವಣನ ವರವು ಇನ್ನೂ ಸ್ವಾರಸ್ಯವಾದದ್ದು. ದೇವ, ಯಕ್ಷ, ರಾಕ್ಷಸಾದಿಗಳಿಂದ ತನಗೆ ಸಾವು ಬಾರದಿರಲೆಂದು ಬೇಡಿದವನು ಮನುಷ್ಯರನ್ನು ಹುಲ್ಲಿನಂತೆ ಕಂಡು ಅವರ ಹೆಸರನ್ನೇ ಎತ್ತಲಿಲ್ಲ. ಅವನು ಯಾರನ್ನು ಲೆಕ್ಕಕ್ಕೆ ತರಲಿಲ್ಲವೋ ಅವರ ಪಾಲಿಗೆ ಆ ಕೆಲಸ ಬಂತು. ಬಲಿಷ್ಠನ ಬಲದಲ್ಲಿಯೇ ದುರ್ಬಲನಿಗೆ ಒಂದು ಬಾಗಿಲನ್ನು ಬಿಟ್ಟಿರುವ ಈ ಏರ್ಪಾಡು ಕಥೆ ಕಟ್ಟುವವರು ಕಲಿಯತಕ್ಕ ಪಾಠ.

ಬಾಗಿಲನ್ನು ಬಿಡದೆ ಇದ್ದರೆ ಏನಾಗುತ್ತದೆ? ಅದಕ್ಕೆ ವಾಲಿಯೇ ನಿದರ್ಶನ. ಎದುರಿಗೆ ನಿಂತವನ ಬಲದಲ್ಲಿ ಅರ್ಧ ಅವನಿಗೆ ಬಂದು ಸೇರುವುದೆಂಬ ಕಥೆಯು ಜನಜನಿತವಾಗಿದೆ. ಇದಕ್ಕಿಂತ ಕೆಟ್ಟ ವರವನ್ನು ಆಟದ ದೃಷ್ಟಿಯಿಂದ ಊಹಿಸಲಾರೆವು. ಎದುರಾಳಿಯು ಬಲಶಾಲಿಯಾದಷ್ಟೂ ವಾಲಿಯು ಬಲಶಾಲಿಯಾಗುವನು. ಎದುರಿಗೆ ನಿಂತು ಗೆಲ್ಲುವ ದಾರಿಯೇ ಇಲ್ಲ. ಆದಕಾರಣ ಮರದ ಮರೆ ಬೇಕಾಯಿತು. ಮರೆಯಿಂದ ಬಿಟ್ಟ ಬಾಣವು ಧರ್ಮವೋ ಅಧರ್ಮವೋ ಎಂದು ಪಂಡಿತರು ಇಂದಿಗೂ ವಾದಿಸುತ್ತಿರುವರಷ್ಟೆ. ಆ ವಾದದ ಪಕ್ಷಪ್ರತಿಪಕ್ಷಗಳು ಹೇಗೇ ಇರಲಿ, ಒಂದು ಮಾತು ದಿಟ: ಮೇರೆಯಿಲ್ಲದ ಬಲವನ್ನು ಒಬ್ಬನಿಗೆ ಕೊಟ್ಟರೆ ಉಳಿದವರು ಆಟದ ಹೊರಗೆ ನಿಂತು ಉಪಾಯವನ್ನು ಹುಡುಕುವರು. ತರಗತಿಯಲ್ಲಿಯೂ ಇದನ್ನು ಕಾಣಬಹುದು. ನ್ಯಾಯವಾಗಿ ಎಂದಿಗೂ ಗೆಲ್ಲಲಾರೆನೆಂದು ತಿಳಿದ ಹುಡುಗನು ಮೋಸವನ್ನು ಕಲಿಯುತ್ತಾನೆ, ಇಲ್ಲವೆ ಆಟಕ್ಕೆ ಬರುವುದನ್ನೇ ಬಿಡುತ್ತಾನೆ. ಎರಡರಲ್ಲಿ ಯಾವುದೂ ಅವನೊಬ್ಬನ ದೋಷವಲ್ಲ.

ಮೇರೆ, ಸಂಖ್ಯೆ, ಸರದಿ, ಬಾಗಿಲು, ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಅಮೆರಿಕದವರ ಮೇಜಿನ ಬಳಿಗೆ ಹೋಗೋಣ. ಐವತ್ತು ವರ್ಷಗಳಲ್ಲಿ ಅವರು ಈ ತೊಡಕಿಗೆ ಒಂದಾದ ಮೇಲೊಂದು ಮದ್ದನ್ನು ಅರೆದಿದ್ದಾರೆ.

ಮೊದಲನೆಯದು ಕಾಲದ ಮದ್ದು. ೧೯೭೪ರ ಪುಸ್ತಕವು ಬಹು ಉದಾರವಾದದ್ದು. ಯಾರು ಏನು ಬೇಕಾದರೂ ಆಗಬಹುದು, ಆದರೆ ದುರ್ಬಲನಾಗಿ ಆರಂಭಿಸಿ ಮೇಲಕ್ಕೆ ಏರಿಬರಬೇಕು. ಘಟಸರ್ಪವಾಗಬೇಕೆನ್ನುವವನು ಮೊದಲು ಮರಿಸರ್ಪವಾಗಲಿ ಎಂಬುದು ಅದರ ಅಭಿಪ್ರಾಯ. ಇದು ಯುಕ್ತವಾದ ಮಾತು. ಬಲವು ಆಸ್ತಿಯಂತೆ ಬಂದರೆ ಒಂದು ಬಗೆ, ದುಡಿಮೆಯಂತೆ ಬಂದರೆ ಮತ್ತೊಂದು ಬಗೆ. ಅದೇ ಪುಸ್ತಕದಲ್ಲಿ ಕುಳ್ಳಜಾತಿಯ ವೀರರು ಆರನೆಯ ಮೆಟ್ಟಿಲಿನ ಆಚೆಗೆ ಏರಬಾರದೆಂದೂ ಮನುಷ್ಯನಿಗೆ ಅಂತಹ ತಡೆಯಿಲ್ಲವೆಂದೂ ವಿಧಿಸಿದರು. ಈ ಎರಡನೆಯ ವಿಧಿಯು ಅಷ್ಟು ಒಳ್ಳೆಯದಲ್ಲ. ಇಂದು ಸುಖ, ನಾಳೆ ಶಿಕ್ಷೆ ಎಂಬಂತಾಯಿತು. ಆರನೆಯ ಮೆಟ್ಟಿಲನ್ನು ಮುಟ್ಟುವ ಮೊದಲೇ ಆಟ ನಿಂತರೆ ಶಿಕ್ಷೆಯೂ ಇಲ್ಲ.

ಎರಡನೆಯದು ನಿಷೇಧ. ೧೯೭೯ರಲ್ಲಿ ಗೈಗ್ಯಾಕ್ಸ್ ಮಹಾಶಯನು ಸೂತ್ರಧಾರರಿಗಾಗಿ ಬರೆದ ಪುಸ್ತಕದಲ್ಲಿ ಮಾತನ್ನು ಬಿಗಿಮಾಡಿದನು. ರಾಕ್ಷಸನಾಗಬೇಕೆನ್ನುವವರಲ್ಲಿ ಬಹುಮಂದಿ ಪಾತ್ರದ ಮೇಲಣ ಪ್ರೀತಿಯಿಂದಲ್ಲ, ಮೇಲುಗೈಯ ಆಸೆಯಿಂದ ಹಾಗೆ ಕೇಳುವರೆಂಬುದು ಅವನ ವಾದ. ಇದರಲ್ಲಿ ಸತ್ಯಾಂಶವಿದೆ. ಆದರೆ ಆಸೆಯನ್ನು ಗದರಿಸಿದಮಾತ್ರಕ್ಕೆ ಅದು ಹೋಗುವುದಿಲ್ಲ. ಗದರಿಸಿದಷ್ಟೂ ಬೆಳೆಯುವುದೆಂಬುದು ಮಕ್ಕಳನ್ನು ಬಲ್ಲವರಿಗೆ ಗೊತ್ತು.

ಮೂರನೆಯದು ಬೆಲೆ ಕಟ್ಟುವುದು. ೨೦೦೩ರಲ್ಲಿ ಪರಿಷ್ಕೃತವಾದ ಅವರ ಗ್ರಂಥಗಳಲ್ಲಿ ಒಂದೊಂದು ಭೂತಜಾತಿಗೂ ಇಷ್ಟು ಮೆಟ್ಟಿಲೆಂದು ಅಂಕೆ ಹಾಕಿದರು. ನಮ್ಮ ರಾಕ್ಷಸನ ಲೆಕ್ಕವನ್ನೇ ನೋಡಿರಿ. ಅವನ ದೇಹಬಲಕ್ಕೆ ಏಳು ಮೆಟ್ಟಿಲು, ಮಾಯೆ ಮುಂತಾದ ವಿಶೇಷಗಳಿಗಾಗಿ ಮತ್ತೆ ಏಳು, ಒಟ್ಟು ಹದಿನಾಲ್ಕು. ಉಳಿದ ವೀರರು ಹದಿನಾಲ್ಕನೆಯ ಮೆಟ್ಟಿಲಿನಲ್ಲಿರುವಾಗ ಮಾತ್ರ ಅವನಿಗೆ ತಂಡದಲ್ಲಿ ಪ್ರವೇಶ. ಕಾಗದದ ಮೇಲೆ ಇದು ಬಹಳ ನ್ಯಾಯವಾಗಿ ತೋರುತ್ತದೆ. ಮೇಜಿನ ಮೇಲೆ ಹಾಗಾಗಲಿಲ್ಲ. ಹದಿನಾಲ್ಕನೆಯ ಮೆಟ್ಟಿಲಿನ ಶತ್ರುವಿನ ಹೊಡೆತವನ್ನು ತಡೆಯಬೇಕಾದ ರಾಕ್ಷಸನ ಮೈಯಲ್ಲಿದ್ದದ್ದು ಏಳು ಮೆಟ್ಟಿಲಿನ ಪ್ರಾಣವೇ. ಹದಿನಾಲ್ಕನೆಯ ಮೆಟ್ಟಿಲಿನ ಮಂತ್ರವಾದಿಯ ಪಕ್ಕದಲ್ಲಿ ಅವನ ಮಂತ್ರವು ಏಳನೆಯ ಮೆಟ್ಟಿಲಿನದೇ. ಹೆದರಿಸುವುದಕ್ಕೆಂದು ಬಂದವನು ಮೊದಲ ಪೆಟ್ಟಿಗೆ ಬೀಳುವವನಾದನು. ೨೦೦೪ರ ಒಂದು ಗ್ರಂಥದಲ್ಲಿ, ಗಳಿಸಿದ ಅನುಭವವನ್ನು ತೆತ್ತು ಈ ಹೊರೆಯನ್ನು ಕ್ರಮಕ್ರಮವಾಗಿ ಇಳಿಸಿಕೊಳ್ಳಬಹುದೆಂಬ ಉಪಾಯವನ್ನೂ ಸೂಚಿಸಿದರು. ಸಾಲಗಾರನಿಗೆ ಕಂತು ಕಟ್ಟಿಕೊಟ್ಟಂತೆ. ತಕ್ಕಡಿಯಲ್ಲಿ ಅಂಕೆ ಸರಿಹೋದರೂ ಪಾತ್ರ ಸರಿಹೋಗಲಿಲ್ಲ.

ನಾಲ್ಕನೆಯದು ಎಲ್ಲರನ್ನೂ ಒಂದೇ ಅಳತೆಗೆ ಕತ್ತರಿಸುವುದು. ೨೦೦೮ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಹಳೆಯ ಅಂಕೆಗಳನ್ನು ತೆಗೆದುಹಾಕಿ ಎಲ್ಲ ಜಾತಿಗಳಿಗೂ ಹೆಚ್ಚುಕಡಮೆ ಸಮನಾದ ವರಗಳನ್ನು ಹಂಚಿತು. ೨೦೧೦ರಲ್ಲಿ ಗ್ರೀಕರ ಪುರಾಣದ ಎತ್ತಿನ ತಲೆಯ ಮಿನೋಟಾರನು ಕೂಡ ಒಂದನೆಯ ಮೆಟ್ಟಿಲಿನಿಂದಲೇ ತಂಡವನ್ನು ಸೇರಬಹುದಾಯಿತು. ಜಗಳ ನಿಂತಿತು, ನಿಜ. ಆದರೆ ಮಿನೋಟಾರನಲ್ಲಿ ಉಳಿದದ್ದೇನು? ಕೊಂಬುಳ್ಳ ಒಬ್ಬ ಗಟ್ಟಿಮುಟ್ಟಾದ ಮನುಷ್ಯ. ಇಲ್ಲಿ ನಮ್ಮ ಸಾಂಖ್ಯರ ಮಾತು ನೆನಪಾಗುವುದು ಸಹಜ. ಸತ್ತ್ವ ರಜಸ್ತಮಸ್ಸುಗಳು ಸಾಮ್ಯಾವಸ್ಥೆಯಲ್ಲಿರುವಾಗ ಸೃಷ್ಟಿಯೇ ಇಲ್ಲ. ವೈಷಮ್ಯವುಂಟಾದಾಗಲೇ ಲೋಕವು ತೋರಿಕೊಳ್ಳುವುದು. ಆಟವೂ ಹಾಗೆಯೇ. ಎಲ್ಲರೂ ಎಲ್ಲದರಲ್ಲಿಯೂ ಸಮಾನರಾದರೆ ಆಡುವುದಕ್ಕೆ ಏನು ಉಳಿಯಿತು?

ಐದನೆಯದು ಪುರಾಣದ ದಾರಿಗೆ ಹತ್ತಿರವಾದದ್ದು. ೨೦೧೪ರ ಆವೃತ್ತಿಯಲ್ಲಿ ಪಾತಾಳವಾಸಿಗಳಾದ ಕಪ್ಪು ಎಲ್ಫ್‌ಗಳಿಗೆ ಹೆಚ್ಚಿನ ಮಾಯಾಶಕ್ತಿಯನ್ನು ಕೊಟ್ಟು, ಬಿಸಿಲಿನಲ್ಲಿ ಅವರ ಕಣ್ಣು ಮಂಕಾಗುವಂತೆ ಮಾಡಿದರು. ಗುರಿ ತಪ್ಪುವುದು ಹೆಚ್ಚು. ನಮ್ಮ ರಾಕ್ಷಸನಿಗೆ ನಿಶಾಚರನೆಂಬ ಹೆಸರು ಸುಮ್ಮನೆ ಬರಲಿಲ್ಲ. ಕತ್ತಲು ಬಿದ್ದ ಮೇಲೆ ಅವನ ಬಲ ಹೆಚ್ಚುವುದು; ಹಗಲು ಉಳಿದವರ ಪಾಲಿಗೆ ಉಳಿಯುವುದು. ಇದರಲ್ಲಿ ಬಲವೂ ಉಳಿಯಿತು, ಮೇರೆಯೂ ಬಂದಿತು, ಹಗಲಿನಲ್ಲಿ ಮಿತ್ರರ ಸಹಾಯವೂ ಅವನಿಗೆ ಬೇಕಾಯಿತು. ಈ ಮೂರನೆಯದೇ ಮುಖ್ಯ. ಬಲಿಷ್ಠನಿಗೆ ಉಳಿದವರ ಅಗತ್ಯ ಬೀಳುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಎದುರಿನ ಪಕ್ಷದ ಹುಲಿಯ ಮಾತು ಬೇರೆ, ನಮ್ಮ ತಂಡದೊಳಗಿನ ರಾಕ್ಷಸನ ಮಾತು ಬೇರೆ. ತಂಡದೊಳಗಿನ ರಾಕ್ಷಸನಿಗೆ ಮಹಾಭಾರತದಲ್ಲಿರುವ ಉದಾಹರಣೆಗೆ ಸಮನಾದದ್ದು ಬೇರೊಂದಿಲ್ಲ. ಭೀಮಹಿಡಿಂಬೆಯರ ಮಗನಾದ ಘಟೋತ್ಕಚನು ಪಾಂಡವರ ಪಕ್ಷದ ರಾಕ್ಷಸ. ಅವನು ಹಗಲಿರುಳೂ ಅವರ ಜೊತೆಯಲ್ಲಿದ್ದಿದ್ದರೆ ವನವಾಸದ ಕಥೆಯೇ ಇರುತ್ತಿರಲಿಲ್ಲ. ಬಂದ ಆಪತ್ತನ್ನೆಲ್ಲ ಅವನೊಬ್ಬನೇ ನುಂಗಿಬಿಡುತ್ತಿದ್ದನು. ವ್ಯಾಸರು ಹಾಗೆ ಮಾಡಲಿಲ್ಲ. ನೆನೆದಾಗ ಬರುವೆನೆಂದು ಮಾತುಕೊಟ್ಟು ಅವನು ಹೊರಟುಹೋಗುವನು. ಗಂಧಮಾದನದ ದಾರಿಯಲ್ಲಿ ದ್ರೌಪದಿಯು ಬಳಲಿ ಬಿದ್ದಾಗ ಭೀಮನು ನೆನೆಯುವನು. ಅವನು ಬಂದು ಅವಳನ್ನು ಹೊತ್ತು ನಡೆಯುವನು. ಅವನು ಕಥೆಯಲ್ಲಿ ವಾಸವಾಗಿರುವವನಲ್ಲ, ಬಂದುಹೋಗುವವನು. ಬಲವು ಅಪಾರ, ಕಾಲವು ಮಿತ.

ದ್ರೋಣಪರ್ವದ ರಾತ್ರಿಯುದ್ಧವಂತೂ ಈ ವಿಷಯದ ಸಾರಸರ್ವಸ್ವ. ಹದಿನಾಲ್ಕನೆಯ ದಿನದ ಹೋರಾಟವು ರಾತ್ರಿಗೂ ಮುಂದುವರಿಯಿತು. ಇರುಳು ಬಂತು, ರಾಕ್ಷಸನ ಬಲವು ಇಮ್ಮಡಿಸಿತು; ಕೌರವರ ಸೈನ್ಯವು ದಿಕ್ಕುಗೆಟ್ಟಿತು. ಕರ್ಣನ ಬಳಿ ಇಂದ್ರನು ಕೊಟ್ಟ ಶಕ್ತ್ಯಾಯುಧವಿತ್ತು. ಅದನ್ನು ಒಂದೇ ಸಾರಿ ಪ್ರಯೋಗಿಸಬಹುದು, ಅರ್ಜುನನಿಗಾಗಿ ಕಾದಿಟ್ಟದ್ದು. ಸೈನ್ಯದ ಗೋಳನ್ನು ಕೇಳಲಾರದೆ ಕರ್ಣನು ಅದನ್ನು ಘಟೋತ್ಕಚನ ಮೇಲೆ ಬಿಟ್ಟನು. ಅವನು ಬಿದ್ದನು, ಬೀಳುವಾಗಲೂ ದೇಹವನ್ನು ಬೆಳೆಸಿ ಶತ್ರುಸೈನ್ಯದ ಮೇಲೆಯೇ ಬಿದ್ದನು. ಅರ್ಜುನನು ಉಳಿದನು. ಅತಿಬಲನ ಬಲಕ್ಕೆ ತಕ್ಕ ಬೆಲೆಯನ್ನು ಎದುರಾಳಿಯೂ ತೆತ್ತನು, ಅವನೂ ತೆತ್ತನು. ಪಾಂಡವರು ಅತ್ತರು, ಕೃಷ್ಣನು ಹರ್ಷಿಸಿದನು. ಆ ಹರ್ಷವನ್ನು ಓದುವಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗದೆ ಇರದು. ಬಲಿಷ್ಠನನ್ನು ಬರಿಯ ಆಯುಧವೆಂದು ಬಗೆಯುವುದೂ ಒಂದು ಬಗೆಯ ಅನ್ಯಾಯವೇ. ಆಟದಲ್ಲಿ ರಾಕ್ಷಸನ ಪಾತ್ರವನ್ನು ಒಬ್ಬ ಹುಡುಗನು ಪ್ರೀತಿಯಿಂದ ಆರಿಸಿಕೊಂಡಿರುವನು. ಅವನನ್ನು ಕೇವಲ ಪೆಟ್ಟು ತಿನ್ನುವುದಕ್ಕೆ ಮುಂದೆ ನೂಕುವ ಮಿತ್ರರೂ ಆಟವನ್ನು ಕೆಡಿಸುವವರೇ. ಪಾಲು ಎಂಬುದು ಎರಡು ಕಡೆಗೂ ಸಲ್ಲಬೇಕು.

ಈ ತೂಕವನ್ನು ನೋಡಿಕೊಳ್ಳುವವರು ಯಾರು? ನಿಯಮವನ್ನು ಎಷ್ಟು ಬರೆದರೂ ಅದನ್ನು ನಡೆಸುವ ಮನುಷ್ಯನೊಬ್ಬನು ಬೇಕು. ಇದಕ್ಕೆ ನಮ್ಮ ನಾಡಿನ ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಮಲೆನಾಡಿನಲ್ಲಿಯೂ ಬಳಕೆಯಲ್ಲಿರುವ ತಾಳಮದ್ದಳೆಯನ್ನು ನೋಡಬೇಕು. ಅದು ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ತಮ್ಮ ತಮ್ಮ ಪಾತ್ರದ ಬಾಯಿಂದ ಆಶುವಾಗಿ ಮಾತನಾಡುವರು. ಕುಳಿತಲ್ಲಿಯೇ ಒಬ್ಬನು ರಾವಣನಾಗುವನು, ಇನ್ನೊಬ್ಬನು ಅಂಗದನಾಗುವನು. ಮೇಜಿನ ಸುತ್ತ ಪಾತ್ರವಹಿಸಿ ಆಡುವ ಆಟಕ್ಕೆ ಇದಕ್ಕಿಂತ ಹತ್ತಿರದ ನಂಟನ್ನು ಎಲ್ಲಿ ತರೋಣ?

ಇಲ್ಲಿ ಬಲವೆಂದರೆ ಮಾತಿನ ಬಲ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (೧೯೧೮–೨೦೦೬) ಮಹಾ ಅರ್ಥಧಾರಿಗಳು ರಾವಣನನ್ನೋ ವಾಲಿಯನ್ನೋ ವಹಿಸಿದಾಗ ಅವರ ತರ್ಕದ ಮುಂದೆ ನಿಲ್ಲುವುದು ಸಾಮಾನ್ಯರ ಕೆಲಸವಾಗಿರಲಿಲ್ಲ. ಹಾಗಾದರೆ ಆಟವು ಏಕಪಕ್ಷವಾಗಲಿಲ್ಲವೇಕೆ? ಕಾರಣಗಳು ಎರಡು. ಮೊದಲನೆಯದಾಗಿ, ಪ್ರಸಂಗದ ಕೊನೆಯು ಮೊದಲೇ ನಿಶ್ಚಿತ. ವಾದದಲ್ಲಿ ವಾಲಿಯು ಎಷ್ಟೇ ಮೇಲಾದರೂ ಬಾಣವು ನಾಟಿಯೇ ಇದೆ. ರಾವಣನು ಎಷ್ಟೇ ಗರ್ಜಿಸಿದರೂ ಅವನು ಬೀಳತಕ್ಕವನೇ. ಎರಡನೆಯದಾಗಿ, ಭಾಗವತರ ಕೈಯಲ್ಲಿ ಮುಂದಿನ ಪದ್ಯವಿದೆ. ಒಬ್ಬನ ಮಾತು ಮಿತಿಮೀರಿದಾಗ ಅವರು ತಾಳವನ್ನು ತಟ್ಟಿ ಪದ್ಯವನ್ನೆತ್ತಿದರೆ ಸರದಿ ತಾನಾಗಿ ಇನ್ನೊಬ್ಬನಿಗೆ ಹೋಗುವುದು. ಬಲಿಷ್ಠನನ್ನು ಅವಮಾನಿಸಲಿಲ್ಲ, ಅವನ ಮಾತನ್ನು ಅಲ್ಲಗಳೆಯಲಿಲ್ಲ. ಸರದಿಯನ್ನು ಮಾತ್ರ ಮುಂದಕ್ಕೆ ಕೊಟ್ಟರು. ಒಳ್ಳೆಯ ಸೂತ್ರಧಾರನ ಲಕ್ಷಣವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಮನೆಯಲ್ಲಿ ಮಕ್ಕಳು ಇಂತಹ ಆಟಕ್ಕೆ ಕುಳಿತಾಗ ಹಿರಿಯರು ಮಾಡಬಹುದಾದದ್ದನ್ನು ಈಗ ಸಂಗ್ರಹವಾಗಿ ಹೇಳಬಹುದು. ರಾಕ್ಷಸನಾಗುವೆನೆಂಬ ಮಗುವಿಗೆ ಬೇಡವೆನ್ನಬಾರದು, "ಆಗು, ಆದರೆ ನಿನಗೆ ಯಾವುದು ಅಸಾಧ್ಯವೆಂಬುದನ್ನು ಮೊದಲು ಹೇಳು" ಎಂದು ಕೇಳಬೇಕು. ತನ್ನ ಮೇರೆಯನ್ನು ತಾನೇ ಆರಿಸಿಕೊಂಡವನು ಅದನ್ನು ಸಂತೋಷದಿಂದ ಪಾಲಿಸುವನು. ಅನಂತರ ಉಳಿದ ಒಬ್ಬೊಬ್ಬರಿಗೂ, ರಾಕ್ಷಸನಿಂದ ಸರ್ವಥಾ ಆಗದ ಒಂದೊಂದು ಕೆಲಸವಿದೆಯೇ ಎಂಬುದನ್ನು ನೋಡಬೇಕು. ಅವನು ಬಾಗಿಲನ್ನು ಒಡೆಯಬಲ್ಲನು. ಬೀಗವನ್ನು ಸದ್ದಿಲ್ಲದೆ ತೆಗೆಯಲಾರನು. ಸೈನ್ಯವನ್ನು ಓಡಿಸಬಲ್ಲನು, ಹೆದರಿದ ಹಳ್ಳಿಯವರ ನಂಬಿಕೆಯನ್ನು ಪಡೆಯಲಾರನು. ಊರೊಳಕ್ಕೆ ಅವನು ಕಾಲಿಟ್ಟರೆ ಕದಗಳು ಮುಚ್ಚುವುವು. ಆಗ ಚಿಕ್ಕವನೊಬ್ಬನು ಮುಂದೆ ನಡೆದು ಮಾತಾಡಬೇಕಾಗುವುದು. ಇಂತಹ ಸಂದರ್ಭಗಳನ್ನು ಕಥೆಯಲ್ಲಿ ತರುವುದು ಸೂತ್ರಧಾರನ ಕರ್ತವ್ಯ. ಕೊನೆಯದಾಗಿ, ಆಟ ಮುಗಿದ ಮೇಲೆ ಯಾರು ಗೆದ್ದರೆಂದು ಕೇಳುವುದಕ್ಕಿಂತ, ಪ್ರತಿಯೊಬ್ಬನೂ ಮಾಡಿದ್ದೇನೆಂದು ಕೇಳಬೇಕು. ಒಂದು ಮಗುವಾದರೂ ಉತ್ತರ ಹೇಳಲಾರದೆ ತಲೆ ತಗ್ಗಿಸಿದರೆ ಅಂದಿನ ತೂಕವು ತಪ್ಪಿತೆಂದು ತಿಳಿದು ಮರುದಿನ ತಿದ್ದಿಕೊಳ್ಳಬೇಕು.

ಲೋಕದಲ್ಲಿ ಎಲ್ಲರಿಗೂ ಸಮನಾದ ಬಲವನ್ನು ಹಂಚುವುದು ಯಾರ ಕೈಯಲ್ಲಿಯೂ ಇಲ್ಲ. ಒಬ್ಬನಿಗೆ ತೋಳು, ಒಬ್ಬನಿಗೆ ಹಣ, ಒಬ್ಬನಿಗೆ ನಾಲಗೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ಮಾತ್ಸ್ಯನ್ಯಾಯವೆಂದು ಹೆಸರಿಟ್ಟ ಹಿರಿಯರು, ಅದನ್ನು ತಡೆಯುವುದಕ್ಕಾಗಿಯೇ ದಂಡನೀತಿಯೆಂದೂ ಹೇಳಿದರು. ದೊಡ್ಡ ಮೀನನ್ನು ಕೊಲ್ಲುವುದು ಆ ನೀತಿಯಲ್ಲ. ಕೊಳದಲ್ಲಿ ಚಿಕ್ಕದಕ್ಕೂ ಬದುಕುವ ಎಡೆಯುಂಟೆಂದು ಖಚಿತಪಡಿಸುವುದು. ಆಟವು ಈ ನೀತಿಯನ್ನು ಬೋಧನೆಯಿಲ್ಲದೆ ಕಲಿಸುತ್ತದೆ. ಹತ್ತನೆಯ ವಯಸ್ಸಿನಲ್ಲಿ ರಾಕ್ಷಸನ ಪಾತ್ರವನ್ನು ವಹಿಸಿ, ತನ್ನ ಸರದಿ ಮುಗಿದೊಡನೆ ಮಾತನ್ನು ನಿಲ್ಲಿಸಿ ಪಕ್ಕದವನ ಕಡೆಗೆ ತಿರುಗುವುದನ್ನು ಅಭ್ಯಾಸಮಾಡಿದ ಹುಡುಗನು, ನಲವತ್ತನೆಯ ವಯಸ್ಸಿನಲ್ಲಿ ನಿಜವಾದ ಬಲವು ಕೈಗೆ ಬಂದಾಗ ಆ ಅಭ್ಯಾಸವನ್ನು ಪೂರ್ತಿಯಾಗಿ ಮರೆಯಲಾರನೆಂದು ನಂಬುವುದಕ್ಕೆ ಎಡೆಯುಂಟು.